ಗಂಡು ನಾಯಿಗೆ ಮೊಲೆ ಊದಿದರೆ: ಬೀಜದ ಗಡ್ಡೆ ಪತ್ತೆಗೆ ಹಾರ್ಮೋನ್ ಪರೀಕ್ಷೆ

ಕಪ್ಪತಗುಡ್ಡದ ಸುತ್ತ, ಶಿರಹಟ್ಟಿ, ಮುಂಡರಗಿ ಕಡೆ ಕುರಿಹಟ್ಟಿ ಕಾಯುವ ನಾಯಿಯ ಕೂದಲು ಉದುರಿದರೆ ಕಜ್ಜಿ ಎಂದೇ ಲೆಕ್ಕ. ಬೇವಿನೆಣ್ಣೆ ಹಚ್ಚುತ್ತಾರೆ, ಕೆಲವರು ಗಾಡಿಯ ಸುಟ್ಟ ಆಯಿಲ್ ಬಳಿಯುತ್ತಾರೆ. ಆ ಆಯಿಲ್ ನೆಕ್ಕಿದರೆ ವಿಷ, ಅದನ್ನು ಇವತ್ತೇ ಬಿಡಿ. ವಯಸ್ಸಾದ ಗಂಡು ನಾಯಿಗೆ ತುರಿಕೆಯಿಲ್ಲದೆ ಎರಡೂ ಪಕ್ಕೆಯಲ್ಲಿ ಒಂದೇ ತೆರನಾಗಿ ಕೂದಲು ಉದುರಿ, ಮೊಲೆತೊಟ್ಟು ಊದಿ, ಬೆದೆಗೆ ಬಂದ ಹೆಣ್ಣಿನ ಹಿಂದೆ ಬೀಳುವಂತೆ ಬೇರೆ ಗಂಡು ನಾಯಿಗಳು ಬೆನ್ನುಹತ್ತುತ್ತಿದ್ದರೆ ಮೊದಲು ಅದರ ಬೀಜ ಮುಟ್ಟಿ ನೋಡಿ.

ನಾಯಿಯನ್ನು ನಿಲ್ಲಿಸಿ, ಇನ್ನೊಬ್ಬರು ಬಾಯಿ ಹಿಡಿದಿರಲಿ. ಎರಡೂ ಬೀಜ ಚೀಲದಲ್ಲಿವೆಯೇ? ಒಂದು ಉಬ್ಬಿ ಗಟ್ಟಿಯಾಗಿ, ಇನ್ನೊಂದು ಸೊರಗಿದೆಯೇ? ಚೀಲದಲ್ಲಿ ಒಂದೇ ಸಿಕ್ಕರೆ ಇನ್ನೊಂದು ತೊಡೆಸಂದಿಯಲ್ಲೋ ಹೊಟ್ಟೆಯಲ್ಲೋ ಉಳಿದಿರುತ್ತದೆ. ಹಾಗೆ ಒಳಗೇ ಉಳಿದ ಬೀಜದಲ್ಲಿ ಗಡ್ಡೆಯಾಗುವ ಸಂಭವ ಹಲವು ಪಟ್ಟು ಹೆಚ್ಚು. ಗಡ್ಡೆಗಳಲ್ಲಿ ಮೂರು ಬಗೆ ಸಾಮಾನ್ಯ: ಲೇಡಿಗ್, ಸೆಮಿನೋಮಾ, ಸರ್ಟೋಲಿ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಏರಿಸಿ ಮೇಲಿನ ಲಕ್ಷಣ ತರುವುದು ಬಹುಮಟ್ಟಿಗೆ ಸರ್ಟೋಲಿ.

ಮುಂದಿನ ಹೆಜ್ಜೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತಾಲ್ಲೂಕು ಪಶು ಆಸ್ಪತ್ರೆ. ಗದಗ-ಬೆಟಗೇರಿಯವರಿಗೆ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯವೂ ಹತ್ತಿರ. ಅಲ್ಲಿ ದುಬಾರಿ ಹಾರ್ಮೋನ್ ಪರೀಕ್ಷೆಗೆ ಮೊದಲೇ ಎರಡು ಅಗ್ಗದ ಪರೀಕ್ಷೆ ಕೇಳಿ. ಮೊದಲನೆಯದು ಸ್ಮಿಯರ್: ಶಿಶ್ನದ ಮುಂದೊಗಲಿನೊಳಗೆ ಒದ್ದೆ ಹತ್ತಿಕಡ್ಡಿ ಆಡಿಸಿ, ಗಾಜಿಗೆ ಬಳಿದು, ಬಣ್ಣ ಹಾಕಿ ನೋಡುವುದು. ಬೆದೆಗೆ ಬಂದ ಹೆಣ್ಣು ನಾಯಿಯಲ್ಲಿ ಕಾಣುವಂಥ ಚಪ್ಪಟೆ, ಒಣಗಿದ ಜೀವಕೋಶ ಗಂಡಿನಲ್ಲಿ ಕಂಡರೆ ಈಸ್ಟ್ರೋಜನ್ ಕೆಲಸ ಮಾಡುತ್ತಿದೆ ಎಂದರ್ಥ. ಎರಡನೆಯದು ರಕ್ತಕಣಗಳ ಎಣಿಕೆ, ಇದನ್ನು ಮಾತ್ರ ಬಿಡಬೇಡಿ. ಹೆಚ್ಚಾದ ಈಸ್ಟ್ರೋಜನ್ ಎಲುಬಿನ ಮಜ್ಜೆಯನ್ನೇ ಬತ್ತಿಸುತ್ತದೆ. ಆಗ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ವಸಡು ಬಿಳಿಚಿ ಕೆಂಪು ಚುಕ್ಕೆ ಎದ್ದಿದ್ದರೆ ನಾಳೆಗೆ ಕಾಯಬಾರದು. ನಮ್ಮ ಕಡೆಯ ಉಣ್ಣಿ ಜ್ವರವೂ ಪ್ಲೇಟ್‌ಲೆಟ್ ಇಳಿಸುವುದರಿಂದ ಅದನ್ನೂ ಜೊತೆಗೇ ನೋಡಿಸಿ.

ಹಾರ್ಮೋನ್ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇಲ್ಲದ ಸಾದಾ ನಳಿಕೆಯಲ್ಲಿ ರಕ್ತ ತೆಗೆದು, ಸೀರಂ ಬೇರ್ಪಡಿಸಿ, ಐಸ್ ಡಬ್ಬಿಯಲ್ಲಿ ಕಳಿಸುತ್ತಾರೆ. ಕಣ ಎಣಿಕೆಗೆ ನೇರಳೆ ಮುಚ್ಚಳದ ನಳಿಕೆ. ನಾಯಿಯ ಹಾರ್ಮೋನು ಅಳೆಯುವ ಪ್ರಯೋಗಾಲಯ ಯಾವುದೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಮನುಷ್ಯರ ಲ್ಯಾಬಿನ ಚೀಟಿಯಲ್ಲಿ ಮುದ್ರಿಸಿದ ಸಾಮಾನ್ಯ ಮಟ್ಟ ನಾಯಿಗೆ ಹೊಂದುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈಸ್ಟ್ರೋಜನ್ನಿನ ಮುಖ್ಯ ರೂಪವಾದ ಈಸ್ಟ್ರಾಡಿಯೋಲ್ ರಕ್ತದಲ್ಲಿ ಗಂಟೆಗಂಟೆಗೆ ಏರಿಳಿಯುತ್ತದೆ. ಗಡ್ಡೆಯಿದ್ದರೂ ಆ ಅಂಕಿ ಸಾಮಾನ್ಯವೆಂದು ಬರಬಹುದು. ಅದನ್ನು ನಂಬಿ ಮನೆಗೆ ಮರಳಿದರೆ ನಾಯಿಯ ರಕ್ತ ಬತ್ತುತ್ತಲೇ ಇರುತ್ತದೆ. ಸ್ಮಿಯರ್ ಒಂದು ಹೇಳಿ, ಅಂಕಿ ಇನ್ನೊಂದು ಹೇಳಿದರೆ ನನ್ನ ಒಲವು ಸ್ಮಿಯರ್ ಕಡೆಗೆ. ಹೆಚ್ಚು ನೆರವಾಗುವ ಇನ್ನೊಂದು ಪರೀಕ್ಷೆ ಎಎಂಎಚ್ (ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನ್). ಸರ್ಟೋಲಿ ಜೀವಕೋಶವೇ ಇದನ್ನು ತಯಾರಿಸುವುದರಿಂದ ಆ ಗಡ್ಡೆಯಲ್ಲಿ ಮಟ್ಟ ಮೇಲೇರುತ್ತದೆ. ಬೀಜ ತೆಗೆದ ನಾಯಿಯಲ್ಲಿ ಇದು ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಿನ್ನೆಲೆ ಗೊತ್ತಿಲ್ಲದ ನಾಯಿಯ ಹೊಟ್ಟೆಯೊಳಗೆ ಬೀಜ ಉಳಿದಿದೆಯೇ ಎಂಬುದೂ ತಿಳಿಯುತ್ತದೆ. ಮರಿಗಳಲ್ಲಿ ಇದು ಸಹಜವಾಗಿಯೇ ಹೆಚ್ಚು. ಒಳಗುಳಿದ ಬೀಜದಲ್ಲಿ ಗಡ್ಡೆ ಇಲ್ಲದೆಯೂ ಏರಿರಬಹುದು. ಆದ್ದರಿಂದ ಅಲ್ಟ್ರಾಸೌಂಡ್ ಜೊತೆಗಿರಲಿ.

ಗಡ್ಡೆ ಎಂದು ಖಚಿತವಾದರೆ ಸಾಮಾನ್ಯವಾಗಿ ಎರಡೂ ಬೀಜ ತೆಗೆಯುತ್ತಾರೆ. ಪ್ಲೇಟ್‌ಲೆಟ್ ತೀರ ಕಡಿಮೆಯಿದ್ದರೆ ರಕ್ತಸ್ರಾವದ ಭಯವಿದೆ; ರಕ್ತ ಕೊಡುವ ಆರೋಗ್ಯವಂತ ನಾಯಿಯೊಂದನ್ನು ಮೊದಲೇ ಹುಡುಕಿಡಿ. ತೆಗೆದದ್ದನ್ನು ಎಸೆಯಗೊಡಬೇಡಿ, 10% ಫಾರ್ಮಾಲಿನ್‌ನಲ್ಲಿ ಹಾಕಿಸಿ ಅಂಗಾಂಶ ಪರೀಕ್ಷೆಗೆ ಕಳಿಸಲು ಹೇಳಿ. ಗಡ್ಡೆಯ ಬಗೆಯನ್ನು ಖಚಿತವಾಗಿ ಹೇಳುವುದು ಅದೊಂದೇ.

ಕೆಲವು ವಾರಗಳ ನಂತರ ಸ್ಮಿಯರ್ ಮತ್ತೆ ಮಾಡಿಸಿ. ಚಪ್ಪಟೆ ಕೋಶಗಳು ಮಾಯವಾಗಿರಬೇಕು. ಕೂದಲು ಬರಲು ಕೆಲವು ತಿಂಗಳು ಹಿಡಿಯಬಹುದು. ಲಕ್ಷಣ ಮತ್ತೆ ಕಂಡರೆ ಗಡ್ಡೆ ಬೇರೆಡೆ ಹಬ್ಬಿದೆಯೇ ಎಂದು ನೋಡಿಸಬೇಕು.

ಮುಧೋಳ ಮರಿ ಕೊಳ್ಳುವವರು ಎರಡು ತಿಂಗಳಿಗೆ ಎರಡೂ ಬೀಜ ಇಳಿದಿವೆಯೇ ನೋಡಿಕೊಳ್ಳಿ. ಆರು ತಿಂಗಳಾದರೂ ಇಳಿಯದಿದ್ದರೆ ಆ ನಾಯಿಯಿಂದ ಮರಿ ಹಾಕಿಸಬೇಡಿ, ಈ ದೋಷ ವಂಶದಲ್ಲಿ ಹರಿಯುತ್ತದೆ. ಒಳಗುಳಿದ ಬೀಜವನ್ನು ಎಳೆಯ ವಯಸ್ಸಿನಲ್ಲೇ ತೆಗೆಸಿಬಿಡಿ.