ಏರುವ ಹೊಳೆ, ಇಳಿಯುವ ಹೊಳೆ

ಮಕ್ಕಳೇ, ನೀವು ಕೃಷ್ಣಾ ನದಿಯನ್ನು ನೋಡಿರುವಿರಾ? ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಹುಟ್ಟುವ ಈ ನದಿಯು ಕರ್ನಾಟಕವನ್ನು ಹಾದು, ನಾರಾಯಣಪೇಟೆ ಜಿಲ್ಲೆಯಲ್ಲಿ ನಮ್ಮ ತೆಲಂಗಾಣಕ್ಕೆ ಬರುತ್ತದೆ. ತಂಗಿಡಿ ಗ್ರಾಮದ ಬಳಿ ಭೀಮಾ ನದಿಯು ಇದನ್ನು ಕೂಡುತ್ತದೆ. ಮುಂದೆ ಮಕ್ತಲ್ ಸೀಮೆಯಲ್ಲಿ ಹರಿದು, ಗದ್ವಾಲ ಸಮೀಪದ ಜೂರಾಲ ಜಲಾಶಯವನ್ನು ತುಂಬುತ್ತದೆ.

ಈ ನದಿಯ ದಂಡೆಯಲ್ಲಿ ಅನೇಕ ಮೀನುಗಾರರು ವಾಸಿಸುತ್ತಾರೆ. ಹರಿಗೋಲು ಹತ್ತುವ ಮೊದಲು ಅವರು ನೀರನ್ನು ನೋಡುತ್ತಾರೆ. ನೀರು ಏರಿದೆಯೇ, ಇಳಿದಿದೆಯೇ? ಏಕೆಂದರೆ ನೀರಿನ ಮಟ್ಟ ಬದಲಾದಂತೆ ಮೀನಿನ ಜಾಗವೂ ಬದಲಾಗುತ್ತದೆ.

ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. ಬಂಡೆಗಳು ಹೊರಗೆ ಕಾಣುತ್ತವೆ. ಆಗ ಮೀನುಗಳು ಆಳವಾದ ಮಡುಗಳಲ್ಲಿ ಸೇರುತ್ತವೆ. ಅಲ್ಲಿ ಬಲೆ ಬೀಸಿದರೆ ಮೀನು ಸುಲಭವಾಗಿ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಮೊಟ್ಟೆ ಇಡಬೇಕಾದ ತಾಯಿಮೀನುಗಳೂ ಅಲ್ಲೇ ಇರುತ್ತವೆ. ಮಡುವಿನ ಮೀನನ್ನೆಲ್ಲ ಹಿಡಿದರೆ ಮುಂದಿನ ವರ್ಷ ಬಲೆಗೆ ಏನು ಬೀಳುತ್ತದೆ?

ಮಳೆಗಾಲದಲ್ಲಿ ಒಂದು ಸೋಜಿಗ ಕಾಣುತ್ತದೆ. ನಮ್ಮೂರಿನಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ! ದೂರದ ಪಶ್ಚಿಮ ಘಟ್ಟಗಳಲ್ಲಿ ಮಳೆ ಸುರಿದಾಗ ಆಲಮಟ್ಟಿ, ನಾರಾಯಣಪುರ ಜಲಾಶಯಗಳು ತುಂಬುತ್ತವೆ. ಗೇಟು ತೆರೆದಾಗ ಆ ನೀರು ಇಲ್ಲಿಗೆ ಬರುತ್ತದೆ. ದಂಡೆಯ ಹುಲ್ಲು ಮುಳುಗುತ್ತದೆ. ಹುಳುಹುಪ್ಪಟೆಗಳನ್ನು ತಿನ್ನಲು ಮೀನುಗಳು ಅಂಚಿಗೆ ಬರುತ್ತವೆ. ರೋಹು, ಕಟ್ಲಾ ಮೀನುಗಳು ಹೊಸ ನೀರಿನಲ್ಲಿ ಮೊಟ್ಟೆ ಇಡುವುದೂ ಇದೇ ಕಾಲದಲ್ಲಿ. ಒಂದು ದೊಡ್ಡ ತಾಯಿಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅದನ್ನು ಆಗ ಹಿಡಿದರೆ ಅಷ್ಟೂ ಮರಿಗಳು ಇಲ್ಲವಾಗುತ್ತವೆ.

ಜೂರಾಲ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 318.516 ಮೀಟರ್. ಅದು ತುಂಬುತ್ತ ಬಂದಾಗ ಇಲ್ಲಿಯೂ ಗೇಟು ತೆರೆಯುತ್ತಾರೆ. ಮೀನುಗಳು ಹರಿವಿಗೆ ಎದುರಾಗಿ ಈಜಿ ಬರುತ್ತವೆ. ಕಟ್ಟೆಯನ್ನು ದಾಟಲಾರದೆ ಅದರ ಕೆಳಗೆ ಗುಂಪುಗೂಡುತ್ತವೆ. ಆ ಮೀನಿನ ಆಸೆಗೆ ಹೊಳೆಗೆ ಇಳಿಯುವುದು ಬಹಳ ಅಪಾಯ. ಮೇಲಿನಿಂದ ನೀರು ಬಿಟ್ಟರೆ ಮೊಣಕಾಲುದ್ದದ ನೀರು ಬೇಗನೆ ಆಳವಾಗಬಹುದು. ಹರಿಗೋಲೂ ಮಗುಚಬಹುದು.

ಮಳೆ ನಿಂತ ಮೇಲೆ ನೀರು ಇಳಿಯುತ್ತದೆ. ಅಂಚಿಗೆ ಬಂದ ಮೀನುಗಳು ಹೊಳೆಗೆ ಮರಳುತ್ತವೆ. ಮೀನುಗಾರರು ಆ ದಾರಿಗೆ ಬಲೆ ಹಾಕುತ್ತಾರೆ. ದೊಡ್ಡ ಕಣ್ಣಿನ ಬಲೆಯಾದರೆ ಮರಿಗಳು ನುಸುಳಿ ಪಾರಾಗುತ್ತವೆ, ಬೆಳೆದ ಮೀನು ಉಳಿಯುತ್ತದೆ.

ಎಲ್ಲಿ ಬಲೆ ಬೀಸಬೇಕೆಂದು ಹೊಳೆ ತಿಳಿಸುತ್ತದೆ. ಯಾವಾಗ ಬೀಸಬಾರದೆಂದೂ ಅದೇ ತಿಳಿಸುತ್ತದೆ. ಎರಡನ್ನೂ ಅರಿತವನೇ ಒಳ್ಳೆಯ ಮೀನುಗಾರ.

ಪದಗಳ ಅರ್ಥ
ಹರಿಗೋಲು – ಬಿದಿರಿನಿಂದ ಹೆಣೆದ ದುಂಡನೆಯ ದೋಣಿ
ಮಡು – ನದಿಯಲ್ಲಿ ನೀರು ನಿಲ್ಲುವ ಆಳವಾದ ಜಾಗ
ಸೋಜಿಗ – ಆಶ್ಚರ್ಯ

ಅಭ್ಯಾಸ
ಅ. ಈ ಪ್ರಶ್ನೆಗಳಿಗೆ ಉತ್ತರಿಸಿರಿ.
1. ಭೀಮಾ ನದಿಯು ಕೃಷ್ಣಾ ನದಿಯನ್ನು ಎಲ್ಲಿ ಕೂಡುತ್ತದೆ?
2. ನಮ್ಮೂರಿನಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏಕೆ ಏರುತ್ತದೆ?
3. ಗೇಟು ತೆರೆದಾಗ ಹೊಳೆಗೆ ಏಕೆ ಇಳಿಯಬಾರದು?

ಆ. ಬಿಟ್ಟ ಸ್ಥಳ ತುಂಬಿರಿ.
1. ಬೇಸಿಗೆಯಲ್ಲಿ ಮೀನುಗಳು ________ ಗಳಲ್ಲಿ ಸೇರುತ್ತವೆ.
2. ________ ಕಣ್ಣಿನ ಬಲೆಯಿಂದ ಮರಿಗಳು ಪಾರಾಗುತ್ತವೆ.

ಇ. ಮಾಡಿ ನೋಡಿರಿ.
ಹಿರಿಯರೊಡನೆ ಹೋಗಿ ನಿಮ್ಮೂರಿನ ಕೆರೆಯ ನೀರನ್ನು ವಾರಕ್ಕೊಮ್ಮೆ ದಂಡೆಯಿಂದಲೇ ನೋಡಿರಿ. ಏರಿತೋ ಇಳಿಯಿತೋ ಬರೆದಿಡಿರಿ.