ವಸತಿ ಮಾಲೀಕರ ಸಂಘ: ನೋಂದಣಿ, ಬಾಕಿ ಮತ್ತು ತೆರಿಗೆ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯಂತಹ ನೀರಾವರಿ ಪ್ರದೇಶದ ಜನರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಗದ್ದೆ ಅವರವರದು, ಆದರೆ ಕಾಲುವೆ ಎಲ್ಲರದು. ‘ಈ ಸಲ ನಾಟಿ ಮಾಡಿಲ್ಲ’ ಎಂದು ಒಬ್ಬನು ಹೂಳೆತ್ತುವ ಕೆಲಸದಿಂದ ಹಿಂದೆ ಸರಿದರೆ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. ವಸತಿ ಸಮುಚ್ಚಯಗಳ ಆಡಳಿತದಲ್ಲಿಯೂ ಇದೇ ತತ್ತ್ವ ಅಡಗಿದೆ.

ಈ ಭಾಗದ ಬೆಲ್ಲದ ವರ್ತಕರು, ಅಕ್ಕಿ ಗಿರಣಿ ಮಾಲೀಕರು ಹಾಗೂ ಸಣ್ಣ ಉದ್ಯಮಿಗಳು ತಮ್ಮ ಉಳಿತಾಯವನ್ನು ಮೈಸೂರು, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ತೊಡಗಿಸುವುದುಂಟು. ಅಂಗಡಿಯ ಪೈಸೆ ಪೈಸೆಗೂ ಲೆಕ್ಕವಿಡುವವರು ಫ್ಲ್ಯಾಟಿನ ಮಾಲೀಕರ ಸಂಘದ ಲೆಕ್ಕವನ್ನು ಮಾತ್ರ ವಿಚಾರಿಸುವುದಿಲ್ಲ. ಈ ಅಲಕ್ಷ್ಯದಿಂದ ಆಗುವ ನಷ್ಟವನ್ನು ತಪ್ಪಿಸಲು ಕೆಲವು ಅಂಶಗಳನ್ನು ತಿಳಿದಿರುವುದು ಅಗತ್ಯ.

ಯಾವ ಕಾಯ್ದೆಯಡಿ ನೋಂದಣಿ?

ವಾಸದ ಫ್ಲ್ಯಾಟುಗಳಿಗೆಂದೇ ರೂಪಿತವಾದುದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಇದು ತಾನಾಗಿಯೇ ಅನ್ವಯವಾಗುವುದಿಲ್ಲ. ಸ್ವತ್ತಿನ ಮಾಲೀಕರು ತಮ್ಮ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರವನ್ನು ಬರೆದುಕೊಟ್ಟು ನೋಂದಾಯಿಸಬೇಕು. ಪ್ರತಿಯೊಂದು ಫ್ಲ್ಯಾಟಿಗೆ ಸಾಮಾನ್ಯ ಪ್ರದೇಶಗಳಲ್ಲಿ ಶೇಕಡಾ ಎಷ್ಟು ಅವಿಭಜಿತ ಪಾಲಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಖರ್ಚಿನ ಹಂಚಿಕೆಗೂ ಆ ಪಾಲೇ ಆಧಾರ.

ಬಿಡಿ ನಿವೇಶನಗಳ ಬಡಾವಣೆಯ ವಿಷಯ ಬೇರೆ. ಅಲ್ಲಿನ ನಿವಾಸಿಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಸ್ಥಾಪಿಸುತ್ತಾರೆ. ಕನಿಷ್ಠ 7 ಸದಸ್ಯರಿರಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು.

2016ರ ರಿಯಲ್ ಎಸ್ಟೇಟ್ ಕಾಯ್ದೆಯು ನಿರ್ಮಾಣಗಾರನ ಮೇಲೂ ಹೊಣೆ ಹೊರಿಸಿದೆ. ಸಾಮಾನ್ಯ ಪ್ರದೇಶಗಳನ್ನೂ ಕಟ್ಟಡದ ನಕ್ಷೆ, ದಾಖಲೆಗಳನ್ನೂ ಆತನು ಸಂಘಕ್ಕೆ ವಹಿಸಿಕೊಡಬೇಕು. ಸ್ವಾಧೀನ ನೀಡಿದ 5 ವರ್ಷಗಳೊಳಗೆ ಕಂಡುಬಂದ ರಚನಾ ದೋಷವನ್ನು ಗಮನಕ್ಕೆ ತಂದಲ್ಲಿ 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಆದ್ದರಿಂದ ದೋಷಗಳನ್ನು ದಿನಾಂಕಸಹಿತ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಸಂಘದ ಮೊದಲ ಕರ್ತವ್ಯ.

ಬಾಕಿಯು ಫ್ಲ್ಯಾಟನ್ನು ಹಿಂಬಾಲಿಸುತ್ತದೆ

‘ಫ್ಲ್ಯಾಟಿಗೆ ಬೀಗ ಹಾಕಿದೆ, ಲಿಫ್ಟನ್ನೂ ಬಳಸುತ್ತಿಲ್ಲ, ನಿರ್ವಹಣಾ ಶುಲ್ಕ ಏಕೆ ಕೊಡಬೇಕು?’ ಎಂಬ ಪ್ರಶ್ನೆ ಪ್ರತಿಯೊಂದು ಸಂಘದಲ್ಲಿಯೂ ಏಳುತ್ತದೆ. 1972ರ ಕಾಯ್ದೆಯ ಉತ್ತರ ಸ್ಪಷ್ಟ. ಸೌಲಭ್ಯವನ್ನು ಬಳಸದಿದ್ದರೂ, ಫ್ಲ್ಯಾಟನ್ನು ತೊರೆದರೂ ಮಾಲೀಕನು ಖರ್ಚಿನ ಪಾಲಿನಿಂದ ಬಿಡುಗಡೆ ಹೊಂದಲಾರನು. ಪಾವತಿಯಾಗದ ಮೊತ್ತವು ಆ ಫ್ಲ್ಯಾಟಿನ ಮೇಲೆಯೇ ಋಣಭಾರವಾಗಿ ನಿಲ್ಲುತ್ತದೆ. ಸರ್ಕಾರದ ಮತ್ತು ಪುರಸಭೆ, ನಗರಸಭೆಗಳ ತೆರಿಗೆಗಳು ಹಾಗೂ ಮೊದಲ ಅಡಮಾನದ ಸಾಲವನ್ನು ಬಿಟ್ಟರೆ ಉಳಿದೆಲ್ಲ ಋಣಭಾರಗಳಿಗಿಂತ ಇದಕ್ಕೆ ಆದ್ಯತೆಯಿದೆ.

ಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಅಂಶ ಮತ್ತೊಂದಿದೆ. ಮಾರಾಟದ ದಿನದವರೆಗಿನ ಬಾಕಿಗೆ ಮಾರಿದವನೊಡನೆ ಕೊಂಡವನೂ ಜಂಟಿಯಾಗಿ ಹೊಣೆಗಾರನಾಗುತ್ತಾನೆ. ಇದಕ್ಕೆ ಪರಿಹಾರವನ್ನೂ ಕಾಯ್ದೆಯೇ ಸೂಚಿಸಿದೆ. ಬಾಕಿಯ ಮೊತ್ತವನ್ನು ತಿಳಿಸುವ ಹೇಳಿಕೆಯನ್ನು ಸಂಘದ ಕಾರ್ಯದರ್ಶಿ ಅಥವಾ ವ್ಯವಸ್ಥಾಪಕ ಮಂಡಳಿಯಿಂದ ಪಡೆದಲ್ಲಿ, ಅದರ ಹಿಂದಿನ ಅವಧಿಗೆ ಅದರಲ್ಲಿ ಕಾಣಿಸಿದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಕೊಂಡವನು ಹೊಣೆಯಾಗುವುದಿಲ್ಲ. ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಈ ಒಂದು ಕಾಗದವನ್ನು ಕೇಳಿ ಪಡೆಯುವುದು ಜಾಣತನ.

ಒಂದು ಲೆಕ್ಕವನ್ನು ನೋಡಬಹುದು. 24 ಫ್ಲ್ಯಾಟುಗಳ ಕಟ್ಟಡದಲ್ಲಿ ಸರಾಸರಿ ಮಾಸಿಕ ಶುಲ್ಕ 3,000 ರೂಪಾಯಿ ಎಂದುಕೊಂಡರೆ ವಾರ್ಷಿಕ ಸಂಗ್ರಹ 8,64,000 ರೂಪಾಯಿ. ನಾಲ್ವರು ಕೊಡದೆ ನಿಂತರೆ ವರ್ಷಕ್ಕೆ 1,44,000 ರೂಪಾಯಿ ಕೊರತೆ ಬೀಳುತ್ತದೆ. ಕಾವಲುಗಾರನ ಸಂಬಳವನ್ನೂ ವಿದ್ಯುತ್ ಬಿಲ್ಲನ್ನೂ ತಡೆಹಿಡಿಯಲಾಗದು. ಆಗ ಸಂಘವು ಕೈಹಾಕುವುದು ಬಣ್ಣ, ಲಿಫ್ಟ್ ಮತ್ತು ಕೊಳವೆಗಳ ದುರಸ್ತಿಗಾಗಿ ಕೂಡಿಟ್ಟ ಮೀಸಲು ನಿಧಿಗೆ. ದುರಸ್ತಿ ಕಾಣದ ಕಟ್ಟಡದಲ್ಲಿ ಶುಲ್ಕ ಕೊಟ್ಟವನ ಫ್ಲ್ಯಾಟಿನ ಬೆಲೆಯೂ ಇಳಿಯುತ್ತದೆ.

ಲೆಕ್ಕಪತ್ರದ ಶಿಸ್ತು

ಸಂಘದ ಹಣವನ್ನು ಪದಾಧಿಕಾರಿಯ ಸ್ವಂತ ಖಾತೆಯಲ್ಲಿ ಇಡಕೂಡದು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ದಿನದಿನದ ಕಿರ್ದಿ, ಪ್ರತಿ ಖರ್ಚಿಗೂ ವೋಚರ್ ಇರಬೇಕು. ಮೀಸಲು ನಿಧಿಯನ್ನು ದಿನನಿತ್ಯದ ಖರ್ಚಿನ ಖಾತೆಯಿಂದ ಬೇರ್ಪಡಿಸಬೇಕು. ಮೂರು ತಿಂಗಳಿಗೊಮ್ಮೆ ಜಮಾಖರ್ಚಿನ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುವ ಸಂಘದಲ್ಲಿ ವಸೂಲಿಯೂ ಸುಲಭ. ಹಣ ಎಲ್ಲಿ ಹೋಯಿತೆಂದು ಕಂಡವನು ಕೊಡಲು ಹಿಂಜರಿಯುವುದು ಕಡಿಮೆ.

ತೆರಿಗೆಯ ಹೊಣೆ

ಸದಸ್ಯನೊಬ್ಬನ ಶುಲ್ಕ ತಿಂಗಳಿಗೆ 7,500 ರೂಪಾಯಿಯವರೆಗೆ ಇದ್ದರೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿಯಿದೆ. 2018ರ ಜನವರಿಗೆ ಮುನ್ನ ಈ ಮಿತಿ 5,000 ರೂಪಾಯಿಯಾಗಿತ್ತು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಂಘಕ್ಕೆ, ಶುಲ್ಕ ಹೆಚ್ಚಿದ್ದರೂ, ನೋಂದಣಿಯ ಅಗತ್ಯವಿಲ್ಲ. ಮೇಲಿನ ಉದಾಹರಣೆಯ ಸಂಘ ಎರಡೂ ಮಿತಿಗಳ ಒಳಗಿದೆ.

30 ಫ್ಲ್ಯಾಟುಗಳಿದ್ದು ಮಾಸಿಕ ಶುಲ್ಕ 8,000 ರೂಪಾಯಿಯಾದರೆ ವಹಿವಾಟು 28,80,000 ರೂಪಾಯಿಗೆ ಏರಿ ತೆರಿಗೆ ಬೀಳುತ್ತದೆ. 2019ರ ಜುಲೈನ ಸುತ್ತೋಲೆಯ ಪ್ರಕಾರ ಪೂರ್ಣ 8,000ಕ್ಕೆ ಶೇ. 18ರಂತೆ ತಿಂಗಳಿಗೆ 1,440 ರೂಪಾಯಿ. ಮಿತಿಯನ್ನು ಮೀರಿದ ಭಾಗಕ್ಕೆ ಮಾತ್ರ ತೆರಿಗೆ ಎಂದು ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ 2021ರಲ್ಲಿ ತೀರ್ಪಿತ್ತಿತು. ಅದರಂತೆ 500 ರೂಪಾಯಿಗೆ ಕೇವಲ 90 ರೂಪಾಯಿ. ವ್ಯತ್ಯಾಸ ದೊಡ್ಡದಾದುದರಿಂದ ಶುಲ್ಕ ನಿಗದಿಪಡಿಸುವ ಸಭೆಗೆ ಮುನ್ನವೇ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಆದಾಯ ತೆರಿಗೆಯಲ್ಲಿ, ಸದಸ್ಯರು ತಮಗಾಗಿ ತಾವೇ ಕೂಡಿಸಿದ ಹಣ ‘ಪರಸ್ಪರತೆಯ ತತ್ತ್ವ’ದಂತೆ ಲಾಭವೆನಿಸದು. ಆದರೆ ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ಗಳಿಸಿದರೆ ಬಡ್ಡಿಗೆ ಈ ರಕ್ಷಣೆ ಸಿಗದು. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರ ಜನವರಿಯಲ್ಲಿ ಹೀಗೆಯೇ ತೀರ್ಪು ನೀಡಿತು. ಮೀಸಲು ನಿಧಿಯ ಬಡ್ಡಿಯನ್ನು ಲೆಕ್ಕದಲ್ಲಿ ತೋರಿಸದ ಸಂಘಗಳು ಈ ತೀರ್ಪನ್ನು ಗಮನಿಸಬೇಕು.

ಉದ್ಯಮಿಯು ತನ್ನ ವ್ಯವಹಾರದಲ್ಲಿ ಪಾಲಿಸುವ ಶಿಸ್ತಿಗಿಂತ ಹೊಸದೇನನ್ನೂ ಮಾಲೀಕರ ಸಂಘ ಬೇಡುವುದಿಲ್ಲ. ಸರಿಯಾದ ನೋಂದಣಿ, ಸಕಾಲದ ವಸೂಲಿ, ತೆರೆದಿಟ್ಟ ಲೆಕ್ಕ ಈ ಮೂರಿದ್ದರೆ ಬಹುಪಾಲು ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಲಕ್ಷಾಂತರ ರೂಪಾಯಿ ತೊಡಗಿಸಿದ ಫ್ಲ್ಯಾಟಿನ ಬೆಲೆ ಉಳಿಯಬೇಕಾದರೆ ಅದರ ಮಾಲೀಕನು ವರ್ಷಕ್ಕೊಂದು ದಿನ ಸರ್ವಸದಸ್ಯರ ಸಭೆಗೆ ಹೋಗಿ ಲೆಕ್ಕವನ್ನು ಓದುವಷ್ಟು ಸಮಯವನ್ನಾದರೂ ಮೀಸಲಿಡಬೇಕು.