ಕರವನ್ನು ನಿರಾಕರಿಸಿದವರೂ ಕರವನ್ನು ತಪ್ಪಿಸಿಕೊಂಡವರೂ

ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ಹೇಳುವಾಗ ತರಗತಿಯಿಂದ ಒಂದು ಪ್ರಶ್ನೆ ಬಾರದೆ ಇರುವುದಿಲ್ಲ. ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು ಸರಕಾರಕ್ಕೆ ಕಂದಾಯವನ್ನು ಕೊಡಲಿಲ್ಲ; ಅವರನ್ನು ನಾವು ವೀರರೆಂದು ಕೊಂಡಾಡುತ್ತೇವೆ. ಇಂದು ದೊಡ್ಡದೊಂದು ಕಂಪೆನಿಯು ಕರವನ್ನು ಕೊಡದೆ ಉಳಿಸಿಕೊಂಡರೆ ಅದನ್ನು ದೂಷಿಸುತ್ತೇವೆ. ಕೊಡದಿರುವುದು ಎರಡು ಕಡೆಯಲ್ಲಿಯೂ ಒಂದೇ ಅಲ್ಲವೆ? ಕೇಳುವವರು ಹುಡುಗರಾದರೂ ಪ್ರಶ್ನೆ ಹುಡುಗಾಟದ್ದಲ್ಲ. ಒಂದು ಗಂಟೆಯ ಪಾಠದಲ್ಲಿ ಅದರ ಉತ್ತರ ಮುಗಿಯದು. ಮನೆಯಲ್ಲಿ ತಾಯಿತಂದೆಗಳೂ ಓದಲೆಂದು ಅದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಕರವೆಂಬುದು ಧನವಂತರಿಗೆ ಸೇರಿದ ವಿಷಯ, ಮಗ್ಗದ ಮನೆಗೆ ಅದರ ಗೊಡವೆಯಿಲ್ಲ ಎಂದು ನಮ್ಮೂರಿನಲ್ಲಿ ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿ.ಎಸ್.ಟಿ., ಜಾರಿಯಲ್ಲಿದೆ. ಹತ್ತಿಯ ಬಟ್ಟೆಯ ಮೇಲೆ ಅದು ನೂರಕ್ಕೆ 5ರಂತೆ ಬೀಳುತ್ತದೆ. ಸೋಮನೂರಿನ ನೇಕಾರನು ತನ್ನ ಮಗ್ಗದಿಂದಲೇ ಇಳಿದ ಬಟ್ಟೆಯನ್ನು ಅಂಗಡಿಯಲ್ಲಿ ಕೊಂಡರೂ ಆ ಕರವನ್ನು ತೆತ್ತೇ ಕೊಳ್ಳಬೇಕು. ಕೂಲಿ ಕಡಮೆಯಾಯಿತೆಂದು ಅದರಲ್ಲಿ ರಿಯಾಯಿತಿಯಿಲ್ಲ. ಸಂಬಳಗಾರನ ಆದಾಯಕರವನ್ನಂತೂ ಸಂಬಳ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುತ್ತಾರೆ. ಕಂಪೆನಿಯ ಆದಾಯಕರವು ಇವುಗಳಂತಲ್ಲ. ಅದು ಲಾಭದ ಮೇಲೆ ಬೀಳತಕ್ಕದ್ದು. ಲಾಭವಾದರೋ ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ಉಳಿಯುವ ಒಂದು ಅಂಕಿ. ಅದನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸಲು ಲಾರಿ ಬೇಕಾಗಿಲ್ಲ.

ಹೇಗೆಂಬುದನ್ನು ನಮಗೆ ಪರಿಚಿತವಾದ ಸರಕಿನಿಂದಲೇ ತಿಳಿಯೋಣ. ಇದು ಬರಿಯ ಊಹೆಯ ಲೆಕ್ಕ. ಒಬ್ಬ ಜವಳಿ ವ್ಯಾಪಾರಿಗೆ ನೂಲು, ಕೂಲಿ ಎಲ್ಲವೂ ಸೇರಿ ಒಂದು ತುಂಡು ಬಟ್ಟೆಗೆ 900 ರೂಪಾಯಿ ತಗಲುತ್ತದೆ; ಪರದೇಶದಲ್ಲಿ ಅದು 1,200ಕ್ಕೆ ಮಾರಾಟವಾಗುತ್ತದೆ. ಲಾಭ 300. ಈಗ ಅವನು ಕರವೇ ಇಲ್ಲದ ಒಂದು ದ್ವೀಪದಲ್ಲಿ ತನ್ನದೇ ಇನ್ನೊಂದು ಕಂಪೆನಿಯನ್ನು ನೋಂದಾಯಿಸುತ್ತಾನೆ. ಬಟ್ಟೆಯನ್ನು ಆ ಕಂಪೆನಿಗೆ 910 ರೂಪಾಯಿಗೆ ಮಾರಿದಂತೆ ಬರೆಯುತ್ತಾನೆ; ಆ ಕಂಪೆನಿ ಅದನ್ನು 1,200ಕ್ಕೆ ಮಾರುತ್ತದೆ. ಬಟ್ಟೆಯು ಇಲ್ಲಿಂದ ನೇರವಾಗಿ ಕೊಳ್ಳುವವನ ಊರಿಗೆ ಹೋಗುತ್ತದೆ. ದ್ವೀಪಕ್ಕೆ ಹೋಗುವುದು ಕಾಗದ ಮಾತ್ರ. ಇಲ್ಲಿಯ ಲೆಕ್ಕದಲ್ಲಿ ಲಾಭ 10 ರೂಪಾಯಿ, ಅಲ್ಲಿಯ ಲೆಕ್ಕದಲ್ಲಿ 290. ಹಾಸು ಹಾಕಿದವರು ಇಲ್ಲಿ, ಹೊಕ್ಕು ತುಂಬಿದವರು ಇಲ್ಲಿ, ರಸ್ತೆ, ವಿದ್ಯುತ್ತು, ಶಾಲೆ ಎಲ್ಲವೂ ಇಲ್ಲಿಯವು. ಲಾಭ ಮಾತ್ರ ಸಮುದ್ರದಾಚೆಯದು!

ಸರಕಾರಗಳೇನೂ ಕಣ್ಣುಮುಚ್ಚಿ ಕುಳಿತಿಲ್ಲ. ತನ್ನದೇ ಕಂಪೆನಿಗೆ ಮಾರಿದರೂ ಸಂಬಂಧವಿಲ್ಲದವನಿಗೆ ಯಾವ ಬೆಲೆಗೆ ಮಾರುತ್ತಿದ್ದನೋ ಆ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬ ವಿವರವಾದ ನಿಯಮಗಳನ್ನು ಭಾರತವು 2001ರಲ್ಲಿಯೇ ಮಾಡಿತು. ಬಟ್ಟೆಗೆ ಈ ಅಳತೆ ಸಾಕು. ಸಂತೆಯಲ್ಲಿ ವಿಚಾರಿಸಿದರೆ ಬೆಲೆ ತಿಳಿಯುತ್ತದೆ. ಆದರೆ ಒಂದು ಕಂಪೆನಿಯ ಹೆಸರಿಗೆ, ಅದರ ಗುರುತಿನ ಚಿತ್ರಕ್ಕೆ ಬೆಲೆ ಕಟ್ಟುವವರಾರು? ಅದನ್ನು ಮಾರುವ ಸಂತೆಯೇ ಇಲ್ಲ. ಜಗತ್ತಿನ ದೊಡ್ಡ ಕಂಪೆನಿಗಳ ಜಾಣ್ಮೆಯೆಲ್ಲ ಈ ಸಂದಿನಲ್ಲಿಯೇ ನುಸುಳಿದೆ.

ಸ್ಟಾರ್‌ಬಕ್ಸ್ ಎಂಬ ಅಮೆರಿಕದ ಕಾಫಿ ಕಂಪೆನಿಯ ಕಥೆಯನ್ನು ನೋಡಿರಿ. ಅದು ಟಾಟಾ ಸಂಸ್ಥೆಯೊಡನೆ ಕೂಡಿ ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು ಮುಂಬಯಿಯಲ್ಲಿ 2012ರ ಅಕ್ಟೋಬರ್ 19ರಂದು ತೆರೆಯಿತು. ಇಲ್ಲಿಯ ಅಂಗಡಿಗಳಿಗಾಗಿ ಕಾಫಿಬೀಜವನ್ನು ಹುರಿಯುವ ಏರ್ಪಾಡಾದದ್ದು ಕೊಡಗಿನ ಕುಶಾಲನಗರದಲ್ಲಿ. ಅದಕ್ಕೆ ನಾಲ್ಕು ದಿನ ಮೊದಲು ರಾಯಿಟರ್ಸ್ ಸುದ್ದಿಸಂಸ್ಥೆಯು ಅದೇ ಕಂಪೆನಿಯ ಇಂಗ್ಲೆಂಡಿನ ಲೆಕ್ಕಗಳನ್ನು ಬಯಲು ಮಾಡಿತ್ತು. 1998ರಿಂದ ಅಲ್ಲಿ ಅದು ಮಾಡಿದ ಮಾರಾಟ 300 ಕೋಟಿ ಪೌಂಡಿಗೂ ಮಿಕ್ಕಿದ್ದು. ಆ ಹದಿನಾಲ್ಕು ವರ್ಷಗಳಲ್ಲಿ ತೆತ್ತ ಆದಾಯಕರ 86 ಲಕ್ಷ ಪೌಂಡು. ಕಂಪೆನಿಯ ಹೆಸರನ್ನು ಬಳಸಿದ್ದಕ್ಕೆಂದು ಮಾರಾಟದ ನೂರಕ್ಕೆ 6ರಷ್ಟು ಹಣವು ರಾಯಲ್ಟಿಯಾಗಿ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಿತ್ತು. ಬೀಜವನ್ನು ಸ್ವಿಟ್ಸರ್ಲೆಂಡಿನಲ್ಲಿದ್ದ ತನ್ನದೇ ಶಾಖೆಯಿಂದ ಹೆಚ್ಚಿನ ಬೆಲೆಗೆ ಕೊಂಡಂತೆ ಲೆಕ್ಕವಿತ್ತು. ತನ್ನವರಿಂದಲೇ ಪಡೆದ ಸಾಲಕ್ಕೆ ಬಡ್ಡಿಯೂ ಹೋಗುತ್ತಿತ್ತು. ಇಷ್ಟೆಲ್ಲ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ನಷ್ಟವೇ ನಷ್ಟ! ಪಾಲುದಾರರಿಗೆ ಮಾತ್ರ ಅಲ್ಲಿಯ ವ್ಯಾಪಾರ ಲಾಭದಲ್ಲಿದೆಯೆಂದು ಹೇಳಲಾಗಿತ್ತು. ಇದಾವುದೂ ಕಾನೂನಿಗೆ ವಿರುದ್ಧವಾಗಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ಸುಳ್ಳು ಲೆಕ್ಕ ಬರೆದು ಮೋಸಮಾಡುವುದು ಕರವಂಚನೆ, ಅದಕ್ಕೆ ಶಿಕ್ಷೆಯುಂಟು. ಕಾನೂನಿನ ಅಕ್ಷರವನ್ನು ಮೀರದೆ ಅದರ ಉದ್ದೇಶವನ್ನು ದಾಟಿಹೋಗುವುದು ಕರ ತಪ್ಪಿಸುವಿಕೆ.

ಈ ವಾರ್ತೆಯನ್ನು ಓದಿದ ಜನರು ಆ ಅಂಗಡಿಗಳನ್ನು ಬಹಿಷ್ಕರಿಸಬೇಕೆಂದು ಕರೆಕೊಟ್ಟರು. ಡಿಸೆಂಬರ್ 8ರಂದು ಹಲವು ಊರುಗಳ ಅಂಗಡಿಗಳಲ್ಲಿ ಪ್ರತಿಭಟನೆಗಳು ನಡೆದವು. ಅದಕ್ಕೆ ಎರಡು ದಿನ ಮೊದಲೇ ಕಂಪೆನಿಯು ಎರಡು ವರ್ಷಗಳಲ್ಲಿ 2 ಕೋಟಿ ಪೌಂಡುಗಳನ್ನು ತಾನಾಗಿಯೇ ಕೊಡುವುದಾಗಿ ಸಾರಿತ್ತು. ಗಿರಾಕಿಯ ಮುನಿಸಿಗೆ ಎಷ್ಟು ಶಕ್ತಿಯಿದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೂ ನಮಗೆ ಆ ಫಲಿತಾಂಶವು ಪೂರ್ತಿಯಾಗಿ ಹಿಡಿಸಿಲ್ಲ. ದಾನಿಗಳ ನೆರವಿನಿಂದ ನಡೆಯುವ ಶಾಲೆಯವರಾದ ನಾವು ದಾನದ ಬೆಲೆಯನ್ನು ಬಲ್ಲೆವು. ದಾನದ ಮೊತ್ತವನ್ನು ಗೊತ್ತುಮಾಡುವವನು ದಾನಿ. ಕರದ ಮೊತ್ತವನ್ನು ಗೊತ್ತುಮಾಡಬೇಕಾದದ್ದು ಕಾನೂನು. ನೇಕಾರನು ಅಂಗಡಿಯವನಿಗೆ, "ಈ ಸಲ ಎರಡು ರೂಪಾಯಿ ಕರವನ್ನು ಇಷ್ಟಪಟ್ಟು ಕೊಡುತ್ತೇನೆ" ಎಂದು ಹೇಳಲಾಗುವುದೆ? ಸರಿಯಾದ ಫಲ ಬಂದದ್ದು 2015ರ ಏಪ್ರಿಲಿನಲ್ಲಿ. ದೇಶದಿಂದ ಹೀಗೆ ಹೊರಗೆ ತಿರುಗಿಸಿದ ಲಾಭದ ಮೇಲೆ ನೂರಕ್ಕೆ 25ರ ಹೊಸ ಕರವನ್ನು ಬ್ರಿಟನ್ ಜಾರಿಗೆ ತಂದಿತು. ಜನರ ಗಲಭೆಯಿಲ್ಲದೆ ಈ ಕಾನೂನು ಅಷ್ಟು ಬೇಗ ಬರುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ನಮ್ಮ ದೇಶದ ಉದಾಹರಣೆಯೂ ಉಂಟು. 2007ರಲ್ಲಿ ವೊಡಾಫೋನ್ ಕಂಪೆನಿಯು ಹಚಿಸನ್ ಎಂಬವರಿಂದ ಭಾರತದ ದೂರವಾಣಿ ವ್ಯವಹಾರವನ್ನು ಕೊಂಡಿತು. ಆದರೆ ಕಾಗದದ ಮೇಲೆ ಮಾರಾಟವಾದದ್ದು ಕೇಮನ್ ದ್ವೀಪದ ಒಂದು ಕಂಪೆನಿಯ ಷೇರು. ಕರ ಬರಬೇಕೆಂದು ಸರಕಾರ ವಾದಿಸಿತು. ಬರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2012ರ ಜನವರಿ 20ರಂದು ತೀರ್ಪಿತ್ತಿತು. ಅದೇ ವರ್ಷ ಹಿಂದಿನ ಕಾಲಕ್ಕೂ ಅನ್ವಯಿಸುವಂತೆ ಕಾನೂನನ್ನು ತಿದ್ದಿದರು. 2021ರಲ್ಲಿ ಆ ಬೇಡಿಕೆಯನ್ನು ಕೈಬಿಟ್ಟರು. ಹಿಂದಕ್ಕೆ ಹೋಗಿ ಕರ ಕೇಳುವುದು ನಮಗೂ ಸರಿಯೆಂದು ತೋರುವುದಿಲ್ಲ. ಈ ವಾದವೆಲ್ಲ ನಡೆದದ್ದು ನ್ಯಾಯಾಲಯದಲ್ಲಿ, ಅಂಗಡಿಬೀದಿಯಲ್ಲಲ್ಲ. ಕಾಫಿಯ ಲೋಟ ಎದುರಿಗೇ ಇರುತ್ತದೆ. ಮೊಬೈಲಿಗೆ ಹಣ ತುಂಬುವವನಿಗೆ ಕೇಮನ್ ದ್ವೀಪ ಕಾಣುವುದೆಲ್ಲಿ?

ಕಣ್ಣಿಗೆ ಕಂಡದ್ದನ್ನು ಬಹಿಷ್ಕರಿಸುವುದು ಸುಲಭವೆಂಬುದನ್ನು ನಮ್ಮ ಸೀಮೆಯ ಹಿರಿಯರು ಬಟ್ಟೆಯಿಂದಲೇ ಅರಿತಿದ್ದರು. 1896ರಲ್ಲಿ ಬ್ರಿಟಿಷ್ ಸರಕಾರವು ಆಮದು ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆಯ ಸುಂಕವನ್ನಿಟ್ಟಿತು. ಅದರಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ತೊಂದರೆಯಾಗಬಾರದೆಂದು ಭಾರತದ ಗಿರಣಿಬಟ್ಟೆಯ ಮೇಲೆಯೂ ಅಷ್ಟೇ ಕರವನ್ನು ಹೇರಿತು. ಕರದ ಕಾನೂನು ಬಲವಂತರ ಕೈಯಲ್ಲಿ ಹೇಗೆ ಬಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದು ನಿಂತದ್ದು 1925ರ ಕೊನೆಯಲ್ಲಿ. ವಿದೇಶೀ ಬಟ್ಟೆಯನ್ನು ತೊರೆದು ಖಾದಿಯನ್ನು ಹಿಡಿದ ಆ ಕಾಲದಲ್ಲಿ ಪಕ್ಕದ ತಿರುಪ್ಪೂರು ಖಾದಿಯ ದೊಡ್ಡ ಕೇಂದ್ರವಾಗಿತ್ತು. ಚೆನ್ನಿಮಲೆಯ ನೇಕಾರರ ಮನೆಯಲ್ಲಿ 1904ರಲ್ಲಿ ಹುಟ್ಟಿದ ಕುಮಾರನು ಆ ಊರಿನ ಬೀದಿಯಲ್ಲಿಯೇ ಪೋಲೀಸರ ಹೊಡೆತಕ್ಕೆ ಸಿಕ್ಕಿ, ಕೈಯ ಧ್ವಜವನ್ನು ಬಿಡದೆ, 1932ರ ಜನವರಿ 11ರಂದು ಪ್ರಾಣಬಿಟ್ಟನು.

ಇನ್ನು ಅಂಕೋಲೆಯ ರೈತರ ವಿಷಯ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ತರುವಾಯ ಆ ಸೀಮೆಯಲ್ಲಿ ಕರನಿರಾಕರಣೆ ಹಬ್ಬಿತು. ರೈತರು ಕೊಡಲಾರೆವೆಂದು ಬಚ್ಚಿಟ್ಟುಕೊಳ್ಳಲಿಲ್ಲ. ಕೊಡೆವು ಎಂದು ಸಾರಿ ಹೇಳಿದರು. ಸರಕಾರವು ಹೊಲಮನೆಗಳನ್ನು ಜಪ್ತುಮಾಡಿ ಹರಾಜು ಹಾಕಿತು. ಅವರು ಸೆರೆಮನೆಗೂ ಹೋದರು. ಸಿದ್ದಾಪುರದ ಬಳಿಯ ಮಾವಿನಗುಂಡಿಯಲ್ಲಿ, ಜಪ್ತಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಹೆಂಗಸರು 1932ರಲ್ಲಿ ಉಪವಾಸ ಕುಳಿತರು. ಕೊಳ್ಳುವವನೂ ಅನ್ಯಾಯದಲ್ಲಿ ಪಾಲುದಾರನೆಂಬ ಮಾತನ್ನು ಅವರು ಊಟ ಬಿಟ್ಟು ಹೇಳಿದರು. ಕಂಪೆನಿಯು ಇದರಲ್ಲಿ ಯಾವುದನ್ನು ಮಾಡಿದೆ? ರೈತನಿಗೆ ಆ ಸರಕಾರವನ್ನು ಆರಿಸುವ ಅಧಿಕಾರವಿರಲಿಲ್ಲ. ಕಂಪೆನಿಗೆ ಸರಕಾರದ ಬಾಗಿಲು ಸದಾ ತೆರೆದಿದೆ. ರೈತನು ಬಹಿರಂಗವಾಗಿ ನಿರಾಕರಿಸಿ ಭೂಮಿಯನ್ನು ಕಳೆದುಕೊಂಡನು. ಕಂಪೆನಿಯು ಸದ್ದಿಲ್ಲದೆ ತಪ್ಪಿಸಿಕೊಂಡು ಹಣವನ್ನು ಗಳಿಸಿತು. ಅದು ತೆರದೆ ಬಿಟ್ಟ ಭಾಗವು ಉಳಿದವರ ತಲೆಯ ಮೇಲೆ ಬಂತು.

ಬಹಿಷ್ಕಾರವನ್ನು ಸುಮ್ಮನೆ ಹೊಗಳುವುದೂ ತಪ್ಪೇ. ಅದರ ಮೊದಲ ಪೆಟ್ಟು ಬೀಳುವುದು ದೂರದ ಒಡೆಯನಿಗಲ್ಲ, ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನಿಗೆ. 2017ರ ಮಾರ್ಚ್ 1ರಿಂದ ಕೋಕ್, ಪೆಪ್ಸಿಗಳನ್ನು ಮಾರುವುದಿಲ್ಲವೆಂದು ತಮಿಳುನಾಡಿನ ವರ್ತಕರ ಸಂಘಗಳು ನಿಶ್ಚಯಿಸಿದುವು. ಅಲ್ಲಿ ಕಾರಣ ಕರವಲ್ಲ, ನೀರು. ಆ ಬಾಟಲಿಗಳು ಅಂಗಡಿಗಳಿಗೆ ಮರಳಿ ಬಂದಿರುವುದನ್ನು ಎಲ್ಲರೂ ನೋಡುತ್ತಿದ್ದೇವೆ. ಸರಕಾರಗಳ ಒಪ್ಪಂದವೂ ಬಂಡೆಯಂತೆ ಸ್ಥಿರವಲ್ಲ: ದೊಡ್ಡ ಕಂಪೆನಿಗಳು ಎಲ್ಲಿದ್ದರೂ ನೂರಕ್ಕೆ 15ಕ್ಕೆ ಕಡಮೆಯಿಲ್ಲದ ಕರವನ್ನು ಕೊಡಬೇಕೆಂದು 2021ರ ಅಕ್ಟೋಬರಿನಲ್ಲಿ 136 ದೇಶಗಳು ಒಪ್ಪಿದುವು, ಅದು ತನ್ನನ್ನು ಕಟ್ಟಿಹಾಕದೆಂದು ಅಮೆರಿಕವು 2025ರ ಜನವರಿಯಲ್ಲಿ ಸಾರಿತು.

ತಾಯಿತಂದೆಗಳಲ್ಲಿ ಒಂದು ಮಾತು. "ಬಿಲ್ಲು ಬೇಡವೆಂದರೆ ಬೆಲೆಯನ್ನು ಇಳಿಸಿಕೊಡುತ್ತೇವೆ" ಎಂದು ಅಂಗಡಿಯವರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗೆ ಮಾರಿದ ಸರಕಿನ ಕರವು ಖಜಾನೆಗೆ ಸೇರುವುದಿಲ್ಲ. ಅದಕ್ಕೆ ಕೇಮನ್ ದ್ವೀಪವೂ ಬೇಕಾಗಿಲ್ಲ.

ಮೇಲಿನ ತರಗತಿಗಳ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಮಾಡಿರಿ. ಒಂದು ತಿಂಗಳಲ್ಲಿ ಮನೆಗೆ ಬಂದ ಬಿಲ್ಲುಗಳನ್ನೆಲ್ಲ ಕೂಡಿಸಿ, ಅವುಗಳಲ್ಲಿ ತೆತ್ತ ಕರವನ್ನು ಒಟ್ಟುಗೂಡಿಸಿರಿ. ಅದು ಮನೆಯ ಆ ತಿಂಗಳ ಆದಾಯದಲ್ಲಿ ನೂರಕ್ಕೆಷ್ಟೆಂದು ಲೆಕ್ಕಹಾಕಿರಿ. ಮೇಲೆ ಹೇಳಿದ ಕಾಫಿ ಕಂಪೆನಿಯು ಹದಿನಾಲ್ಕು ವರ್ಷಗಳಲ್ಲಿ ತೆತ್ತ ಆದಾಯಕರವು ಅದರ ಮಾರಾಟದಲ್ಲಿ ನೂರಕ್ಕೆಷ್ಟೆಂದೂ ಲೆಕ್ಕಹಾಕಿರಿ. ಎರಡು ಅಂಕಿಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಬಿಲ್ಲಿಲ್ಲದೆ ಕೊಂಡ ಸಾಮಾನುಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಮಾಡಿ, ಗಣಿತದ ಉಪಾಧ್ಯಾಯರಿಗೆ ತೋರಿಸಿರಿ.